ಜರ್ಮನಿಯಲ್ಲಿ ಎಂಎಸ್ ನಿಜಕ್ಕೂ ಫ್ರೀನಾ?

ಮೆಕ್ಯಾನಿಕಲ್ ಬಿಇ ಆಗಿದೆ, ಜರ್ಮನಿಯಲ್ಲಿ ಫೀಸೇ ಇಲ್ಲವಂತೆ, ಸ್ಟುಟ್‌ಗಾರ್ಟೋ ಆಖೆನ್ನೋ ಎಂದು ಕೇಳಿದ್ದೀರಿ. ಮನೆಯಲ್ಲಿ ದೊಡ್ಡ ಸಾಲ ಬೇಡ ಎಂದಿದ್ದಾರೆ ಅಂತಲೂ ಬರೆದಿದ್ದೀರಿ. ಹಾಗಾಗಿ ಮೊದಲು ದುಡ್ಡಿನ ಮಾತು.

ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದರೆ ಸ್ಟುಟ್‌ಗಾರ್ಟ್ ಇರುವುದು ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ. ಅಲ್ಲಿ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು ಇದೆ. ಕಾರ್ಲ್ಸ್‌ರೂಯಲ್ಲೂ ಅಷ್ಟೇ. ಮ್ಯೂನಿಕ್‌ನ ಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಕೂಡ 2024ರ ಚಳಿಗಾಲದ ಸೆಮಿಸ್ಟರಿನಿಂದ ಫೀಸು ಶುರುಮಾಡಿದೆ. ಆಖೆನ್‌ನಲ್ಲಿ ಸಾಮಾನ್ಯವಾಗಿ ಫೀಸಿಲ್ಲ, ಆದರೆ ಇಂಗ್ಲಿಷಿನಲ್ಲಿ ನಡೆಯುವ ಕೆಲವು ಎಂಜಿನಿಯರಿಂಗ್ ಕೋರ್ಸುಗಳಿಗೆ ಜಾಸ್ತಿಯೇ ಇದೆ. ಊರಿನ ಹೆಸರು ನೋಡಬೇಡಿ, ಆ ಕೋರ್ಸಿನ ಪುಟವನ್ನೇ ಓದಿ.

ನಿಜವಾಗಿ ಹೊಂದಿಸಬೇಕಾದ ದೊಡ್ಡ ಮೊತ್ತ ಬ್ಲಾಕ್ಡ್ ಅಕೌಂಟಿನದು, ಅಂದರೆ ಅಲ್ಲಿನ ಖರ್ಚಿಗೆಂದು ಮೊದಲೇ ಹಣ ಇಟ್ಟು, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ. 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ. ಅದು ಫೀಸಲ್ಲ, ನಿಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಆದರೆ ವೀಸಾಕ್ಕೆ ಮುಂಚೆಯೇ ಇಡಬೇಕಲ್ವಾ, ಸಾಲ ಬೇಕಾಗುವುದು ಹೆಚ್ಚಾಗಿ ಅಲ್ಲೇ. ಪಾರ್ಟ್‌ಟೈಮ್ ದುಡಿದು ಪೂರ್ತಿ ಖರ್ಚು ತೂಗಿಸುತ್ತೇನೆ ಎಂದು ಲೆಕ್ಕ ಹಾಕಬೇಡಿ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು, ನಿಜ. ಆದರೆ ಕೆಲಸ ಸಿಗಲು ಜರ್ಮನ್ ಬೇಕು, ಪರೀಕ್ಷೆಗಳೂ ಸುಲಭವಲ್ಲ.

ಎಪಿಎಸ್ ಸರ್ಟಿಫಿಕೇಟಿಗೆ (ನಿಮ್ಮ ಡಿಗ್ರಿ, ಅಂಕಪಟ್ಟಿ ಅಸಲಿ ಎಂದು ಖಚಿತಪಡಿಸುವ ಪತ್ರ) ಈಗಲೇ ಅರ್ಜಿ ಹಾಕಿ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಅದು ಕಡ್ಡಾಯ. ಬೆಂಗಳೂರಲ್ಲಿದ್ದರೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿ ಸೇರಿಕೊಳ್ಳಿ. ನಿಮ್ಮ ಸಿಜಿಪಿಎ ಎಷ್ಟೆಂದು ತಿಳಿಸಿ, ಯಾವ ಕೋರ್ಸುಗಳಿಗೆ ಹಾಕಬಹುದು ಎಂದು ಒಟ್ಟಿಗೆ ನೋಡೋಣ.