ಸ್ಟ್ರಕ್ಚರ್ ಬಿಡಿಸೋಕೆ ಯಾವ ಸಾಫ್ಟ್‌ವೇರ್, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮಸ್ತೆ ಸರ್. ಕೆಮಿಸ್ಟ್ರಿ ಓದ್ತಾ ಇದೀನಿ. ಇಷ್ಟು ದಿನ ಮಾಲಿಕ್ಯೂಲ್‌ಗಳ ಸ್ಟ್ರಕ್ಚರ್‌ಗಳನ್ನೆಲ್ಲ ಪೆನ್ನಲ್ಲಿ ಬರೆದು ಫೋಟೋ ತೆಗೆದು ಹಾಕ್ತಿದ್ದೆ, ಈಗ ಪ್ರಾಜೆಕ್ಟ್ ರಿಪೋರ್ಟ್‌ಗೆ ಸಾಫ್ಟ್‌ವೇರಲ್ಲೇ ಬಿಡಿಸಿ ತಗೊಂಡ್ ಬಾ ಅಂತ ಗೈಡ್ ಹೇಳಿದಾರೆ. ಎಲ್ರೂ ಕೆಮ್‌ಡ್ರಾ ಅಂತಾರೆ, ಅದಕ್ಕೆ ದುಡ್ಡು ಕೊಡ್ಬೇಕು, ಫ್ರೆಂಡ್ ಒಬ್ಬ ಕ್ರ್ಯಾಕ್ ಇದೆ ಕೊಡ್ತೀನಿ ಅಂತಿದಾನೆ. ಫ್ರೀ ಇರೋದ್ರಲ್ಲಿ ಕೆಲಸ ಆಗುತ್ತಾ? ಒಂದ್ಸಲ ಟ್ರೈ ಮಾಡಿ ಪ್ಯಾರಾಸಿಟಮಾಲ್ ಬಿಡಿಸಿದೆ, ನೋಡೋಕೆ ಸರಿಯಾಗೇ ಇದೆ, ಆದ್ರೆ ಮಾಲಿಕ್ಯುಲರ್ ವೆಯ್ಟ್ 149 ಚಿಲ್ಲರೆ ತೋರಿಸ್ತಿದೆ. ಯಾಕೆ?

ಉತ್ತರ: ನಿಮ್ಮ ಕೊನೇ ಪ್ರಶ್ನೆಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಹೊಸಬರು ಅರ್ಥ ಮಾಡ್ಕೋಬೇಕಾದ ವಿಷಯ ಪೂರ್ತಿ ಅದರಲ್ಲೇ ಇದೆ.

ಪ್ಯಾರಾಸಿಟಮಾಲ್ ಮಾಲಿಕ್ಯುಲರ್ ವೆಯ್ಟ್ 151.16. ನಿಮಗೆ ಬಂದಿರೋದು ಬಹುಶಃ 149.19, ಅಲ್ವಾ? ಅದು ಪ್ಯಾರಾಸಿಟಮಾಲ್ ಅಲ್ಲ, ಓಎಚ್ ಇರ್ಬೇಕಾದ ಜಾಗದಲ್ಲಿ ಮೀಥೈಲ್ ಇರೋ ಬೇರೆ ಕಾಂಪೌಂಡ್, 4-ಮೀಥೈಲ್ ಅಸಿಟನಿಲೈಡ್. ನೀವು ಏನು ಮಾಡಿರ್ತೀರ ಅಂದ್ರೆ, ರಿಂಗಿಂದ ಒಂದು ಬಾಂಡ್ ಎಳೆದು ಅದರ ತುದಿ ಪಕ್ಕದಲ್ಲಿ ಟೆಕ್ಸ್ಟ್ ಟೂಲ್ ತಗೊಂಡು ಓಎಚ್ ಅಂತ ಟೈಪ್ ಮಾಡಿರ್ತೀರ. ಕಣ್ಣಿಗೆ ಓಎಚ್ ಅಲ್ಲೇ ಇದೆ, ಆದ್ರೆ ಸಾಫ್ಟ್‌ವೇರ್‌ಗೆ ಅದು ಬಾಂಡ್‌ಗೆ ಸೇರಿದ್ದಲ್ಲ, ಪಕ್ಕದಲ್ಲಿ ಬಿದ್ದಿರೋ ಎರಡಕ್ಷರ ಅಷ್ಟೇ. ಖಾಲಿ ಇರೋ ಬಾಂಡ್ ತುದಿ ಅಂದ್ರೆ ಕಾರ್ಬನ್ ಅಂತಾನೇ ಅದರ ಲೆಕ್ಕ, ಬೇಕಾದಷ್ಟು ಹೈಡ್ರೋಜನ್ ತಾನೇ ತುಂಬ್ಕೊಂಡು ಸಿಎಚ್3 ಮಾಡ್ಕೊಂಡಿದೆ.

ಪೇಂಟಲ್ಲಿ ಗೆರೆ ಎಳೆಯೋದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದೇ. ನೀವು ಬಿಡಿಸ್ತಾ ಇರೋದು ಚಿತ್ರ ಅನ್ನಿಸಿದ್ರೂ ಒಳಗಡೆ ಅದು ಯಾವ ಆಟಮ್ ಯಾವ ಆಟಮ್‌ಗೆ ಯಾವ ಬಾಂಡಿಂದ ಸೇರಿದೆ ಅನ್ನೋ ಪಟ್ಟಿ ಬರ್ಕೊಳ್ತಾ ಹೋಗುತ್ತೆ. ಫಾರ್ಮುಲಾ, ವೆಯ್ಟ್, ಹೆಸರು ಎಲ್ಲಾ ಆ ಪಟ್ಟಿಯಿಂದ ಬರೋದು. ಬೆಂಜೀನ್ ಬಿಡಿಸ್ಬೇಕು ಅಂತ ಆರು ಸಿಂಗಲ್ ಬಾಂಡ್ ರಿಂಗ್ ಹಾಕಿ ಒಳಗೆ ಶೇಪ್ ಟೂಲಲ್ಲಿ ಒಂದು ವೃತ್ತ ಎಳೆದ್ರೆ ನಿಮಗೆ ಬೆಂಜೀನ್, ಸಾಫ್ಟ್‌ವೇರ್‌ಗೆ ಸೈಕ್ಲೋಹೆಕ್ಸೇನ್, 78.11 ಬರ್ಬೇಕಾದ ಕಡೆ 84.16 ಬರುತ್ತೆ. ಚಾರ್ಜ್ ಕೂಡ ಹಾಗೇ, ಪ್ಲಸ್ ಅಂತ ಪಕ್ಕದಲ್ಲಿ ಟೈಪ್ ಮಾಡಿದ್ರೆ ಪ್ರಯೋಜನ ಇಲ್ಲ, ಚಾರ್ಜ್ ಟೂಲ್ ತಗೊಂಡು ಆಟಮ್ ಮೇಲೇ ಕ್ಲಿಕ್ ಮಾಡ್ಬೇಕು.

ಸರಿಯಾದ ರೀತಿ ಹೇಳ್ತೀನಿ, ಪ್ಯಾರಾಸಿಟಮಾಲನ್ನೇ ಮತ್ತೆ ಬಿಡಿಸಿ. ಟೆಂಪ್ಲೇಟಿಂದ ಬೆಂಜೀನ್ ರಿಂಗ್ ಹಾಕಿ, ಒಂದು ಮೂಲೆಯಿಂದ ಬಾಂಡ್ ಎಳೀರಿ, ತುದಿ ಮೇಲೆ ಮೌಸ್ ಇಟ್ಟು ಕೀಬೋರ್ಡಲ್ಲಿ ಓ ಅಕ್ಷರ ಒತ್ತಿ, ಕೆಮ್‌ಡ್ರಾ, ಮುಂದೆ ಹೇಳೋ ಫ್ರೀ ಸಾಫ್ಟ್‌ವೇರ್ ಕೆಚರ್ ಎರಡರಲ್ಲೂ ಇದು ನಡೆಯುತ್ತೆ, ಹೈಡ್ರೋಜನ್ ತಾನಾಗೇ ಬಂದು ಓಎಚ್ ಆಗುತ್ತೆ. ಎದುರು ಮೂಲೆಯಿಂದ ಇನ್ನೊಂದು ಬಾಂಡ್, ತುದೀಲಿ ಎನ್, ಅಲ್ಲಿಂದ ಎರಡು ಬಾಂಡ್ ಮುಂದಕ್ಕೆ, ಮಧ್ಯದ ಕಾರ್ಬನ್‌ಗೆ ಡಬಲ್ ಬಾಂಡ್ ಓ. ಮುಗೀತು. ಈಗ ಸ್ಟ್ರಕ್ಚರ್ ಸೆಲೆಕ್ಟ್ ಮಾಡಿ ಫಾರ್ಮುಲಾ ನೋಡಿ, ಸಿ8ಎಚ್9ಎನ್‌ಒ2 ಬರ್ಬೇಕು. ಏನೇ ಬಿಡಿಸಿದ್ರೂ ಕೊನೇಲಿ ಇದನ್ನ ನೋಡೋ ಅಭ್ಯಾಸ ಮಾಡ್ಕೊಳ್ಳಿ. ತಪ್ಪಿದ್ರೆ ಎಷ್ಟು ತಪ್ಪಿದೆ ಅನ್ನೋದೇ ಸುಳಿವು ಕೊಡುತ್ತೆ, ವೆಯ್ಟ್ 2 ಕಮ್ಮಿ ಇದ್ದು ಫಾರ್ಮುಲಾದಲ್ಲಿ ಎರಡು ಎಚ್ ಕಮ್ಮಿ ಇದ್ರೆ ಎಲ್ಲೋ ಒಂದು ಡಬಲ್ ಬಾಂಡ್ ಜಾಸ್ತಿ ಬಿದ್ದಿದೆ, 14 ಜಾಸ್ತಿ ಇದ್ರೆ ಸರಪಳೀಲಿ ಒಂದು ಕಾರ್ಬನ್ ಹೆಚ್ಚಾಗಿದೆ ಅಂತ ಹುಡುಕಿ. ಕೆಂಪು ಗುರುತು ಬಂದ್ರೆ ಗಾಬರಿ ಬೇಡ, ಹೆಚ್ಚಿನ ಸಲ ವೇಲೆನ್ಸಿ ಮೀರಿರುತ್ತೆ, ಕಾರ್ಬನ್‌ಗೆ ಐದು ಬಾಂಡ್ ಆಗಿರುತ್ತೆ ಇಲ್ಲಾ ನಾಲ್ಕು ಬಾಂಡ್ ಇರೋ ನೈಟ್ರೋಜನ್‌ಗೆ ಪ್ಲಸ್ ಹಾಕೋದು ಮರ್ತಿರ್ತೀರ.

ಇನ್ನು ಯಾವ ಸಾಫ್ಟ್‌ವೇರ್ ಅನ್ನೋದು. ಕೆಮ್‌ಡ್ರಾ 1985ರಿಂದ ಇದೆ, ಜರ್ನಲ್‌ಗಳಲ್ಲಿ ನೀವು ನೋಡೋ ಸ್ಟ್ರಕ್ಚರ್‌ಗಳಲ್ಲಿ ಬಹಳಷ್ಟು ಅದರಲ್ಲೇ ಬಿಡಿಸಿರೋದು, ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಲಿಯೋಕೆ ಅದೇ ಬೇಕು ಅಂತೇನಿಲ್ಲ. ಮೊದಲು ನಿಮ್ಮ ಲೈಬ್ರರಿ ಅಥವಾ ಐಟಿ ವಿಭಾಗದಲ್ಲಿ ಲೈಸೆನ್ಸ್ ಇದೆಯಾ ಕೇಳಿ, ಎಷ್ಟೋ ಯೂನಿವರ್ಸಿಟಿಗಳಲ್ಲಿ ತಗೊಂಡಿರ್ತಾರೆ, ವಿದ್ಯಾರ್ಥಿಗಳಿಗೆ ಗೊತ್ತೇ ಇರಲ್ಲ. ಇಲ್ಲ ಅಂದ್ರೆ ವಿಂಡೋಸ್ ಇರೋರು ಕೆಮ್‌ಸ್ಕೆಚ್ ಹಾಕ್ಕೊಳ್ಳಿ, ಓದು ಮತ್ತು ಸ್ವಂತ ಬಳಕೆಗೆ ಅದರ ಫ್ರೀ ಆವೃತ್ತಿ ಇದೆ, ಮೆನುಗಳು ಹಳೇ ಕಾಲದ ಥರ ಕಾಣ್ತವೆ ಆದ್ರೆ ಕೆಲಸ ಗಟ್ಟಿ. ಏನೂ ಇನ್‌ಸ್ಟಾಲ್ ಮಾಡೋದು ಬೇಡ ಅಂದ್ರೆ ಕೆಚರ್ ಇದೆ, ಓಪನ್ ಸೋರ್ಸ್, ಬ್ರೌಸರಲ್ಲೇ ಓಡುತ್ತೆ, ಶುರು ಮಾಡೋರಿಗೆ ನಾನು ಹೇಳೋದು ಇದನ್ನೇ. ಕ್ರ್ಯಾಕ್ ಮಾತ್ರ ಬೇಡ, ಅದರ ಜೊತೆ ವೈರಸ್ ಬಂದು ರಿಪೋರ್ಟ್ ಹೋದ್ರೆ ಯಾರನ್ನ ಕೇಳ್ತೀರ, ಮೇಲಾಗಿ ಫ್ರೀಯಾಗಿ ಒಳ್ಳೇದು ಸಿಗ್ತಿರೋವಾಗ ಕದ್ದಿದ್ದು ಯಾಕೆ.

ದೊಡ್ಡ ಸ್ಟ್ರಕ್ಚರ್ ಆದ್ರೆ ಮೊದಲಿಂದ ಬಿಡಿಸೋ ಕಷ್ಟನೂ ಬೇಡ. ಪಬ್‌ಕೆಮ್ ಅನ್ನೋ ಕಾಂಪೌಂಡ್‌ಗಳ ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಿ, ಅಲ್ಲಿ ಸ್ಮೈಲ್ಸ್ ಅಂತ ಒಂದು ಸಾಲು ಸಿಗುತ್ತೆ, ಮಾಲಿಕ್ಯೂಲನ್ನ ಅಕ್ಷರಗಳಲ್ಲಿ ಬರೆಯೋ ಪದ್ಧತಿ ಅದು, ಎಥನಾಲ್ ಅಂದ್ರೆ ಸಿಸಿಓ, ಡೈಮೀಥೈಲ್ ಈಥರ್ ಅಂದ್ರೆ ಸಿಓಸಿ. ಆ ಸಾಲು ಕಾಪಿ ಮಾಡಿ ಸಾಫ್ಟ್‌ವೇರಲ್ಲಿ ಸ್ಮೈಲ್ಸ್ ಆಗಿ ಪೇಸ್ಟ್ ಮಾಡಿದ್ರೆ ಸ್ಟ್ರಕ್ಚರ್ ಬಂದ್ಬಿಡುತ್ತೆ. ಆದ್ರೂ ಮೊದಲು ಆಸ್ಪಿರಿನ್, ಕೆಫೀನ್ ಥರದ್ದು ಕೈಯಿಂದಲೇ ಬಿಡಿಸಿ, ಇಲ್ಲಾಂದ್ರೆ ಒಂದು ಸಣ್ಣ ಬದಲಾವಣೆ ಬೇಕಾದಾಗ ಪರದಾಡ್ತೀರ.

ಪ್ರಶ್ನೆ: ವೆಡ್ಜ್ ಬಾಂಡ್ (ಪುಟದಿಂದ ನಮ್ಮ ಕಡೆ ಬರೋ ಬಾಂಡ್ ತೋರಿಸೋ ತ್ರಿಕೋನ ಗೆರೆ) ಹಾಕಿದೀನಿ ಆದ್ರೆ ಆರ್, ಎಸ್ (ಕನ್ನಡಿ ಬಿಂಬದ ಎರಡು ರೂಪಗಳನ್ನ ಬೇರೆ ಮಾಡೋ ಗುರುತು) ತೋರಿಸ್ತಿಲ್ಲ, ಒಂದೊಂದ್ಸಲ ಉಲ್ಟಾ ತೋರಿಸುತ್ತೆ. ಕ್ಲೀನ್ ಅಪ್ ಒತ್ತಿದ್ರೆ ಸರಿಹೋಗುತ್ತಾ ಸರ್?

ಉತ್ತರ: ಹೋಗಲ್ಲ. ವೆಡ್ಜ್‌ನ ಚೂಪು ತುದಿ ಸ್ಟೀರಿಯೋಸೆಂಟರ್ (ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಗುಂಪು ಸೇರಿರೋ ಕಾರ್ಬನ್) ಕಡೆ ಇರ್ಬೇಕು, ಅಗಲ ತುದಿ ಆಚೆ ಕಡೆ. ನೀವು ಉಲ್ಟಾ ಎಳೆದಿರ್ತೀರ, ಆಗ ಆ ವೆಡ್ಜ್ ಬೇರೆ ಆಟಮ್ ಬಗ್ಗೆ ಹೇಳೋ ಮಾಹಿತಿ ಆಗ್ಬಿಡುತ್ತೆ. ಬಾಂಡ್ ಎಳೆಯೋವಾಗ ಸೆಂಟರಿಂದ ಶುರು ಮಾಡಿ ಹೊರಗೆ ಎಳೀರಿ, ತಪ್ಪೇ ಆಗಲ್ಲ. ಎರಡು ಸ್ಟೀರಿಯೋಸೆಂಟರ್ ಮಧ್ಯೆ ಇರೋ ಬಾಂಡನ್ನ ವೆಡ್ಜ್ ಮಾಡೋಕೆ ಹೋಗ್ಬೇಡಿ, ಪಕ್ಕದಲ್ಲಿರೋ ಬೇರೆ ಬಾಂಡ್ ಆರಿಸ್ಕೊಳ್ಳಿ. ಎಲ್-ಅಲನಿನ್ ಬಿಡಿಸಿ ಎಸ್ ಬರುತ್ತಾ ನೋಡಿ, ಬಂದ್ರೆ ನಿಮಗೆ ಅರ್ಥ ಆಗಿದೆ ಅಂತ. ಫ್ಲಿಪ್ ಮಾಡಿದ ಮೇಲಂತೂ ಮತ್ತೆ ನೋಡ್ಲೇಬೇಕು, ಸಾಫ್ಟ್‌ವೇರ್ ವೆಡ್ಜ್‌ಗಳನ್ನ ಹೊಂದಿಸ್ಕೊಂಡು ಅದೇ ಮಾಲಿಕ್ಯೂಲ್ ಉಳಿಸಿದ್ಯಾ ಇಲ್ಲಾ ಕನ್ನಡಿ ಬಿಂಬ ಕೊಟ್ಟಿದ್ಯಾ ಅನ್ನೋದು ಚಿತ್ರ ನೋಡಿದ್ರೆ ತಟ್ಟನೆ ಗೊತ್ತಾಗಲ್ಲ.

ಕ್ಲೀನ್ ಅಪ್ ಇರೋದು ಸೊಟ್ಟ ಬಾಂಡ್‌ಗಳನ್ನ ನೇರ ಮಾಡೋಕೆ, ಕೆಮಿಸ್ಟ್ರಿ ತಿದ್ದೋಕಲ್ಲ. ಸಕ್ಕರೆಗಳ ಚೇರ್ ರೂಪ, ಕರ್ಪೂರದ ಥರ ಬ್ರಿಡ್ಜ್ ಇರೋ ರಿಂಗ್‌ಗಳಲ್ಲಿ ಅದನ್ನ ಒತ್ತಿದ್ರೆ ನೀವು ಕಷ್ಟಪಟ್ಟು ಬಿಡಿಸಿದ್ದೆಲ್ಲ ಚಪ್ಪಟೆ ಆಗಿ ಹಾಳಾಗ್ಬಹುದು, ಅನ್‌ಡೂ ಮಾಡೋಕೆ ಕೈ ರೆಡಿ ಇರ್ಲಿ.

ಪ್ರಶ್ನೆ: ವರ್ಡಲ್ಲಿ ಹಾಕಿದ್ರೆ ಮಸುಕಾಗುತ್ತೆ, ಒಂದು ಸ್ಟ್ರಕ್ಚರ್ ದೊಡ್ಡದು ಇನ್ನೊಂದು ಚಿಕ್ಕದು ಕಾಣುತ್ತೆ.

ಉತ್ತರ: ಸ್ಕ್ರೀನ್‌ಶಾಟ್ ಹಾಕ್ತಿದೀರ ಅನ್ಸುತ್ತೆ, ಅದನ್ನ ಬಿಡಿ. ಚಿತ್ರವನ್ನ ಗೆರೆಗಳಾಗೇ ಉಳಿಸೋ ಎಸ್‌ವಿಜಿ ಅಥವಾ ಇಎಂಎಫ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿದ್ರೆ ಎಷ್ಟು ಹಿಗ್ಗಿಸಿದ್ರೂ ಗೆರೆ ಒಡೆಯಲ್ಲ, ಪಿಎನ್‌ಜಿನೇ ಬೇಕು ಅಂದ್ರೆ 600 ಡಿಪಿಐ ಇಡಿ. ಸೈಜ್ ಸಮಸ್ಯೆ ಬರೋದು ವರ್ಡಲ್ಲಿ ಮೂಲೆ ಹಿಡಿದು ಎಳೆಯೋದ್ರಿಂದ, ಒಂದನ್ನ 80 ಪರ್ಸೆಂಟ್ ಇನ್ನೊಂದನ್ನ 120 ಮಾಡಿದ್ರೆ ಬಾಂಡ್ ಉದ್ದ, ಅಕ್ಷರ ಎಲ್ಲಾ ಬೇರೆ ಬೇರೆ ಆಗಿ ಪುಟ ನೋಡೋಕಾಗಲ್ಲ. ಬಿಡಿಸೋಕೆ ಮುಂಚೇನೇ ಸೆಟಿಂಗ್ ಒಂದೇ ಥರ ಇಟ್ಕೊಳ್ಳಿ. ಕೆಮ್‌ಡ್ರಾದಲ್ಲಿ ಎಸಿಎಸ್ (ಅಮೆರಿಕನ್ ಕೆಮಿಕಲ್ ಸೊಸೈಟಿ) ಡಾಕ್ಯುಮೆಂಟ್ 1996 ಅಂತ ರೆಡಿ ಸ್ಟೈಲ್ ಇದೆ, ಬಾಂಡ್ ಉದ್ದ 0.508 ಸೆಂಟಿಮೀಟರ್, ಅಕ್ಷರ 10 ಪಾಯಿಂಟ್, ಸುಮಾರು ಜರ್ನಲ್‌ಗಳು ಒಪ್ಪೋದು ಇದನ್ನೇ, ಬೇರೆ ಸಾಫ್ಟ್‌ವೇರಲ್ಲೂ ಸೆಟಿಂಗ್ಸ್‌ಗೆ ಹೋಗಿ ಇದೇ ಅಳತೆಗೆ ಹತ್ತಿರ ತಂದ್ಕೋಬಹುದು. ಪುಟದಲ್ಲಿ ಹಿಡಿಸ್ತಿಲ್ಲ ಅಂದ್ರೆ ರಿಯಾಕ್ಷನ್ ಸ್ಕೀಮನ್ನ ಎರಡು ಸಾಲಾಗಿ ಮಾಡಿ, ಕುಗ್ಗಿಸ್ಬೇಡಿ.

ಇನ್ನೊಂದು, ಚಿತ್ರ ಎಕ್ಸ್‌ಪೋರ್ಟ್ ಆಯ್ತು ಅಂತ ಮೂಲ ಫೈಲ್ ಡಿಲೀಟ್ ಮಾಡೋರು ಬಹಳ ಜನ ಇದಾರೆ. ಪಿಎನ್‌ಜಿಯಿಂದ ಸ್ಟ್ರಕ್ಚರ್ ವಾಪಸ್ ತಿದ್ದೋಕಾಗಲ್ಲ, ಸಾಫ್ಟ್‌ವೇರ್‌ನ ಸ್ವಂತ ಫೈಲ್ ಒಂದು, ಜೊತೆಗೆ ಬೇರೆ ಸಾಫ್ಟ್‌ವೇರಲ್ಲೂ ತೆರೆಯೋ ಹಾಗೆ ಆಟಮ್, ಬಾಂಡ್ ಪಟ್ಟಿ ಇರೋ ಮಾಲ್ (.mol) ಫೈಲ್ ಒಂದು ಇಟ್ಕೊಳ್ಳಿ. ಫೈಲ್ ಹೆಸರು ಮಾತ್ರ ದಯವಿಟ್ಟು ಫೈನಲ್ 1, ಫೈನಲ್ 2 ಅಂತ ಇಡ್ಬೇಡಿ, ಕಾಂಪೌಂಡ್ ನಂಬರ್ ಹಾಕಿ.