ಹಳ್ಳಿ ಮನೆಯಲ್ಲಿ ಕಾಲ ಬದಲಾಗುವುದನ್ನು ಹೇಗೆ ಗುರುತಿಸುವುದು?

ಹೊಸದಾಗಿ ಊರಿಗೆ ಬಂದಿದ್ದೀರಿ, ಕ್ಯಾಲೆಂಡರ್ ನೋಡದೆ ಕಾಲ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ಅಂಗಳದಿಂದಲೇ ಶುರು ಮಾಡಿ.

ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನೆಡಿ. ನಮ್ಮ ತೀರ್ಥಹಳ್ಳಿ ಕಡೆ ಏಪ್ರಿಲ್ ಕೊನೆ ವಾರ ಮಧ್ಯಾಹ್ನ 12:30ರ ಸುಮಾರಿಗೆ ಅದರ ನೆರಳೇ ಮಾಯ! ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆದರೆ ಜೂನ್ ಆಮೇಲೆ ನೆರಳು ನೋಡೋಕೆ ಬಿಸಿಲು ಸಿಗಬೇಕಲ್ಲ.

ಮಳೆಗೆ ನಮ್ಮವರದ್ದೇ ಲೆಕ್ಕ ಇದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಆಗ ಬರುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಮೃಗಶಿರ ಜೂನ್ 8ರ ಆಸುಪಾಸು, ಆರಿದ್ರಾ 22ರ ಹೊತ್ತಿಗೆ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು' ಅಂತಾರೆ. ಹೇಳಿದ ದಿನವೇ ಮಳೆ ಬರುತ್ತೆ ಅಂತ ನಂಬಬೇಡಿ. ಕೆಲಸ ನೆನಪಿಡೋಕೆ ಮಾತ್ರ ಇದು ಚೆನ್ನಾಗಿದೆ.

ಅಡಿಕೆ ಇದ್ದರೆ ಮಳೆ ಹಿಡಿಯೋ ಮೊದಲೇ ಕೊಳೆ ರೋಗಕ್ಕೆ (ಎಳೆಕಾಯಿ ಕೊಳೆತು ಉದುರೋ ರೋಗ) ಔಷಧಿ ಹೊಡೆಯಬೇಕು. 100 ಲೀಟರ್ ನೀರಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ. ಒಂದು ವರ್ಷ 'ನಾಳೆ ಹೊಡೆದರಾಯ್ತು' ಅಂತ ಸುಮ್ನೆ ಕೂತೆ. ಆಮೇಲೆ ಮರದ ಬುಡದಲ್ಲಿ ಎಳೆಕಾಯಿ ಉದುರಿ, ಮೇಲೆ ಬಿಳಿ ಬೂಸು ಹಿಡಿದಿತ್ತು.

ಸಂಜೆ ದೀಪಕ್ಕೆ ರೆಕ್ಕೆ ಗೆದ್ದಲು ಮುತ್ತಿದರೆ ಮಳೆಗಾಲ ಬಾಗಿಲಿಗೆ ಬಂತು ಅಂತ. ಮಾವು ಹೂ ಬಿಟ್ಟರೆ ಚಳಿಗಾಲ. ಒಂದು ನೋಟ್‌ಬುಕ್ಕಲ್ಲಿ ಇವನ್ನೆಲ್ಲ ತಾರೀಕು ಹಾಕಿ ಬರೆದಿಡಿ.