ಹತ್ತನೆಯ ತರಗತಿ ಓದಿದವಳು ಮನಸ್ಸಿನ ಕಾಯಿಲೆ ಗುರುತಿಸಬಹುದೇ?

ನೀವು ಕೇಳಿದ್ದು: “ಗೋವಾದ ವಾಸ್ಕೋದಲ್ಲಿ ಆರೋಗ್ಯ ಸ್ವಯಂಸೇವಕಿಯಾಗಿದ್ದೇನೆ, ಓದಿದ್ದು ಹತ್ತನೆಯ ತರಗತಿ. ಮಾನಸಿಕ ಆರೋಗ್ಯದ ತರಬೇತಿಗೆ ಕರೆದಿದ್ದಾರೆ. ನನ್ನಿಂದ ಆಗುತ್ತದೆಯೇ?”

ಆಗುತ್ತದೆ. ನಾನು ಬಾಗಲಕೋಟೆ ಕಡೆಯವಳು, ಝುವಾರಿನಗರದಲ್ಲಿ ಒಂಬತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನನ್ನ ಓದೂ ಅಷ್ಟಕ್ಕಷ್ಟೇ. ನಮ್ಮಂಥವರೇ ಮಾತುಕತೆಯಿಂದ ಖಿನ್ನತೆಗೆ ನೆರವಾಗುವ ಪದ್ಧತಿಯನ್ನು ಒರೆಗೆ ಹಚ್ಚಿ ನೋಡಿದ್ದೂ ಗೋವಾದಲ್ಲೇ. ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ಸಂಗಾತ್ ಸಂಸ್ಥೆಯವರು ಮನೋವೈದ್ಯಕೀಯದ ಗಂಧವಿಲ್ಲದವರನ್ನು ತರಬೇತುಗೊಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಖಿನ್ನತೆ ಜೋರಾಗಿದ್ದವರೊಂದಿಗೆ ಆರರಿಂದ ಎಂಟು ಸಲ ಮಾತುಕತೆ. ಮೂರು ತಿಂಗಳಿಗೆ ಶೇ. 64 ಮಂದಿ ಚೇತರಿಸಿಕೊಂಡಿದ್ದರು. ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ. 39. 2017ರ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಗಿದೆ.

ನಿಮಗೆ ಒಂಬತ್ತು ಪ್ರಶ್ನೆಗಳ ಹಾಳೆಯೊಂದನ್ನು ಕೊಡಬಹುದು: ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ ಹೇಗಿತ್ತು ಎಂದೆಲ್ಲ. ಹಾಳೆ ಒಳ್ಳೆಯದೇ, ತೊಡಕಿರುವುದು ಮಾತಿನಲ್ಲಿ. ನಮ್ಮ ಹೆಂಗಸರನ್ನು “ಬೇಜಾರಾಗಿದೆಯೇ?” ಎಂದು ಕೇಳಿ ನೋಡಿ, “ಯಾರ ಮೇಲೂ ಬೇಜಾರಿಲ್ಲ ಅಕ್ಕಾ” ಎನ್ನುತ್ತಾರೆ! ಅವರು ಹೇಳಿಕೊಳ್ಳುವುದು ಎದೆ ಡವಡವ, ತಲೆ ಭಾರ, ಕೈಕಾಲು ಜೋಮು, ಬಿಳಿ ಮುಟ್ಟು. ಬಿಳಿ ಮುಟ್ಟಿನ ದೂರಿಗೂ ಖಿನ್ನತೆ, ಆತಂಕಗಳಿಗೂ ನಂಟಿರುವುದು ಗೋವಾದ ಹೆಂಗಸರ ಮೇಲಿನ ಅಧ್ಯಯನದಲ್ಲೇ ಕಂಡುಬಂದಿದೆ. ಸೋಂಕಿದೆಯೇ ಎಂದು ಪರೀಕ್ಷೆ ಮಾಡಿಸಿ, ಆಮೇಲೆ ನಿದ್ದೆಯ ಬಗ್ಗೆಯೂ ಕೇಳಿ.

ನಾನು ಎಡವಿದ್ದನ್ನೂ ಹೇಳುತ್ತೇನೆ. ಸುಸ್ತೆಂದು ಮೂರು ಸಲ ಸಲೈನ್ ಹಾಕಿಸಿಕೊಂಡಿದ್ದ ಒಬ್ಬಾಕೆಯ ಮನೆಗೆ ಹೋಗಿದ್ದೆ. ರೊಟ್ಟಿ ಬಡಿಯುವುದನ್ನು ಬಿಟ್ಟು, ಮೂರು ಹೊತ್ತೂ ಅಂಗಡಿಯ ಪಾವ್ ತರಿಸುತ್ತಿದ್ದಳು. ಅರ್ಧ ಹೊಲಿದ ಕೌದಿ ಮೂಲೆಯಲ್ಲಿ ಸುತ್ತಿಟ್ಟಿತ್ತು. ನಾನು “ಧೈರ್ಯ ತಂದುಕೋ, ಮಕ್ಕಳ ಮುಖ ನೋಡು” ಎಂದು ಶುರು ಹಚ್ಚಿಕೊಂಡೆ. ಆಕೆ ತಲೆಯಾಡಿಸಿದಳು, ಅಷ್ಟೇ. ಆಕೆಯ ಒಪ್ಪಿಗೆ ಪಡೆದು ಮಾಡಿದ್ದ ಧ್ವನಿಮುದ್ರಣವನ್ನು ವಾರದ ಸಭೆಯಲ್ಲಿ ಎಲ್ಲರೂ ಕೂತು ಕೇಳಿದೆವು. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ನನ್ನದೇ ಪುರಾಣ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಮುಂದಿನ ಸಲ ಕೌದಿಯ ಬಗ್ಗೆ ಕೇಳಿ ಸುಮ್ಮನೆ ಕೂತೆ. ಅದು ಊರಿನಲ್ಲಿ ತೀರಿಹೋದ ತಾಯಿಯ ಸೀರೆಗಳಿಂದ ಹೊಲಿಯುತ್ತಿದ್ದ ಕೌದಿಯಂತೆ. ಮಣ್ಣಿಗೆ ಹೋಗಲೂ ಆಗಿರಲಿಲ್ಲವಂತೆ. ದಿನಾ ಮಧ್ಯಾಹ್ನ ಬಾಗಿಲಲ್ಲಿ ಕೂತು ಒಂದೇ ಸಾಲು ಹೊಲಿಯುವುದೆಂದು ಇಬ್ಬರೂ ಒಪ್ಪಿಕೊಂಡೆವು. ಮನಸ್ಸು ಬಂದಾಗ ಮಾಡುವುದಲ್ಲ, ಹೊತ್ತಿಗೆ ಸರಿಯಾಗಿ ಮಾಡುವುದು. ಮನಸ್ಸು ಹಿಂದಿನಿಂದ ಬರುತ್ತದೆ. ಆ ಆರೆಂಟು ಭೇಟಿಗಳ ತಿರುಳು ಹೆಚ್ಚುಕಡಿಮೆ ಇದೇ. ಹೊಲಿಗೆ ನೋಡಲು ಪಕ್ಕದ ಮನೆಯವರು ಬಂದು ಕೂರತೊಡಗಿದರು. ಐದನೆಯ ಭೇಟಿಯ ದಿನ ನನಗೆ ಬಿಸಿ ರೊಟ್ಟಿ ಸಿಕ್ಕಿತು.

ಎಲ್ಲವೂ ಹೀಗೆ ಮಾತಿಗೆ ಬಗ್ಗುವುದಿಲ್ಲ. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಎನ್ನುವವರನ್ನು, ಊಟದಲ್ಲಿ ವಿಷ ಹಾಕಿದ್ದಾರೆಂದು ಅನುಮಾನಿಸುವವರನ್ನು ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆಗೆ ಕರೆದೊಯ್ಯಿರಿ. ದಿನವೂ ಕುಡಿಯುತ್ತಿದ್ದವರು ದೇವರ ಆಣೆಗೋ ಅಯ್ಯಪ್ಪನ ಮಾಲೆಗೋ ಒಮ್ಮೆಲೇ ಬಿಟ್ಟು, ಎರಡು ಮೂರು ದಿನಕ್ಕೆ ಕೈ ನಡುಗಿ ಇಲ್ಲದ್ದೆಲ್ಲ ಕಾಣತೊಡಗಿದರೆ ಮನೆಯವರು ದೆವ್ವ ಎನ್ನುತ್ತಾರೆ. ಪ್ರಾಣಕ್ಕೇ ಎರವಾಗಬಹುದು, ತಕ್ಷಣ ಆಸ್ಪತ್ರೆಗೆ ಸೇರಿಸಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲು ಅಂಜಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಮೇಲಿನವರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಸೇರುವ ಮುನ್ನ ತರಬೇತಿಯವರನ್ನು ಒಂದು ಮಾತು ಕೇಳಿ: ಪಾಠ ಮುಗಿದ ಮೇಲೆ ವಾರವಾರವೂ ನಮ್ಮ ಕೆಲಸ ಕೇಳಿ ತಿದ್ದುವವರು ಯಾರು? “ಕೈಪಿಡಿ ಕೊಡುತ್ತೇವಲ್ಲ” ಎಂದರೆ ನಾನಾದರೆ ಸೇರುವುದಿಲ್ಲ.